ಸರ್ವರ್ ಡೌನ್ ಆದರೆ ರೀಸ್ಟಾರ್ಟ್ ಮಾಡಿದರೆ ಸಾಕೇ?

2021ರ ಅಕ್ಟೋಬರ್ 4ರ ರಾತ್ರಿ ನೆನಪಿದೆಯೇ? ನಮ್ಮಲ್ಲಿ ಸುಮಾರು ಒಂಬತ್ತು ಗಂಟೆಯ ಹೊತ್ತಿಗೆ ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ನಿಂತುಹೋದವು. ಮೊಬೈಲ್ ಆಫ್ ಮಾಡಿ ಆನ್ ಮಾಡಿದ್ದಾಯಿತು, ವೈಫೈ ಡಬ್ಬಿಯ ಪ್ಲಗ್ ಕಿತ್ತು ಮತ್ತೆ ಹಾಕಿದ್ದಾಯಿತು, ಏನೂ ಪ್ರಯೋಜನವಾಗಲಿಲ್ಲ. ಸೇವೆ ಮರಳಲು ಸುಮಾರು ಆರು ಗಂಟೆ ಹಿಡಿಯಿತು. ಅದರ ಬೆನ್ನಲ್ಲೇ ಇನ್ನು ಮುಂದೆ ರಾತ್ರಿ 11.30ರಿಂದ ಬೆಳಗ್ಗೆ 6ರವರೆಗೆ ವಾಟ್ಸ್‌ಆ್ಯಪ್ ಬಂದ್ ಎಂಬ ಹಳೆಯ ಫಾರ್ವರ್ಡ್ ಮತ್ತೆ ಓಡಾಡತೊಡಗಿತು. ಅದು ಶುದ್ಧ ಸುಳ್ಳು.

ಆದರೆ ಫಾರ್ವರ್ಡ್ ಅಲ್ಲದ ಇನ್ನೊಂದು ನಂಬಿಕೆ ಇದೆ, ಅದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಇಷ್ಟು ದೊಡ್ಡ ಕಂಪನಿ, ಸರ್ವರನ್ನು ಒಂದು ಸಲ ಆಫ್ ಮಾಡಿ ಆನ್ ಮಾಡೋಕೆ ಆರು ಗಂಟೆ ಬೇಕಾ? ಕಚೇರಿಯಲ್ಲಿ ಸರ್ವರ್ ಇಲ್ಲ, ನಾಳೆ ಬನ್ನಿ ಎಂದು ಹೇಳಿದಾಗಲೂ ಕ್ಯೂನಲ್ಲಿ ನಿಂತವರ ಮನಸ್ಸಿನಲ್ಲಿ ಏಳುವುದು ಇದೇ ಪ್ರಶ್ನೆ.

ಅಂದು ನಡೆದದ್ದನ್ನು ಫೇಸ್‌ಬುಕ್ ಕಂಪನಿಯೇ ನಂತರ ವಿವರಿಸಿತು. ನಿರ್ವಹಣೆಯ ಕೆಲಸದ ವೇಳೆ ಕೊಟ್ಟ ಒಂದು ಆದೇಶದಿಂದಾಗಿ ಅವರ ಡೇಟಾ ಸೆಂಟರ್‌ಗಳನ್ನು ಬೆಸೆಯುವ ಜಾಲವೇ ಕಡಿದುಹೋಗಿತ್ತು. ಅದನ್ನು ಸರಿಪಡಿಸಿದ ಮೇಲೂ ಎಲ್ಲವನ್ನೂ ಒಮ್ಮೆಲೇ ಆನ್ ಮಾಡಲಿಲ್ಲ. ಕೆಲಸವಿಲ್ಲದೆ ನಿಂತಿದ್ದರಿಂದ ಒಂದೊಂದು ಡೇಟಾ ಸೆಂಟರ್‌ನ ವಿದ್ಯುತ್ ಬಳಕೆ ಹತ್ತಾರು ಮೆಗಾವ್ಯಾಟ್‌ನಷ್ಟು ಇಳಿದಿತ್ತು. ಅದು ದಿಢೀರನೆ ಮೇಲೇರಿದರೆ ವಿದ್ಯುತ್ ವ್ಯವಸ್ಥೆಯೇ ಕೈಕೊಡುವ ಅಪಾಯವಿತ್ತು. ಕರೆಂಟ್ ಬಂದ ಕೂಡಲೇ ಮನೆಯ ಗೀಸರ್, ಮೋಟರ್, ಮಿಕ್ಸಿ ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುವುದಿಲ್ಲವೇ, ಹಾಗೆ.

ಅಷ್ಟು ದೊಡ್ಡದು ಬೇಡ. ನಿಮ್ಮೂರಿನ ಯಾವುದೋ ಸಂಘದ, ಶಾಲೆಯ, ಆಸ್ಪತ್ರೆಯ ಟೇಬಲ್ ಕೆಳಗಿರುವ ಒಂದೇ ಒಂದು ಲಿನಕ್ಸ್ ಕಂಪ್ಯೂಟರನ್ನು ನೋಡಿ. ಅಲ್ಲೂ ರೀಸ್ಟಾರ್ಟ್ ಎಂಬುದು ಒಂದು ಗುಂಡಿ ಒತ್ತುವ ಕೆಲಸವಲ್ಲ. ಅದರ ಹಿಂದೆ ಯಾರೋ ಬರೆದಿಟ್ಟ ಹತ್ತಿಪ್ಪತ್ತು ಸಾಲುಗಳ ಒಂದು ಸ್ಕ್ರಿಪ್ಟ್ ಇರುತ್ತದೆ. ಅದು ಚೆನ್ನಾಗಿದ್ದರೆ ಯಾರಿಗೂ ಅದರ ನೆನಪೇ ಆಗುವುದಿಲ್ಲ. ಕೆಟ್ಟದಾಗಿದ್ದರೆ ರೀಸ್ಟಾರ್ಟ್ ಮಾಡಿದ್ದೇ ಹೊಸ ತೊಂದರೆಯಾಗುತ್ತದೆ.

ಶಟರ್ ತೆಗೆದರೆ ಇಡ್ಲಿ ಸಿಗುತ್ತದೆಯೇ?

ಸರ್ವರ್‌ನಲ್ಲಿ ಯಾರೂ ಮುಂದೆ ಕೂತಿರದಿದ್ದರೂ ಸದಾ ಓಡುತ್ತಿರುವ ಪ್ರೋಗ್ರಾಂಗೆ ಸರ್ವಿಸ್ ಎನ್ನುತ್ತಾರೆ. ಕಂಪ್ಯೂಟರ್ ಆನ್ ಆದಾಗ ಅದನ್ನು ಹೊರಡಿಸುವುದು, ಬೇಕೆಂದಾಗ ನಿಲ್ಲಿಸುವುದು, ಬಿದ್ದರೆ ಎಬ್ಬಿಸುವುದು ಸ್ಕ್ರಿಪ್ಟ್‌ನ ಕೆಲಸ. ಹಿಂದೆಲ್ಲ ಪ್ರತಿ ಸರ್ವಿಸ್‌ಗೂ ಇಂಥ ಸ್ಕ್ರಿಪ್ಟನ್ನು ಕೈಯಲ್ಲೇ ಬರೆದು ಇನಿಟ್-ಡಿ ಎಂಬ ಫೋಲ್ಡರ್‌ನಲ್ಲಿ ಇಡುತ್ತಿದ್ದರು. 2010ರಲ್ಲಿ ಬಂದ ಸಿಸ್ಟಮ್‌ಡಿ ಎಂಬ ವ್ಯವಸ್ಥೆಯನ್ನು ಈಗ ಹೆಚ್ಚಿನ ಲಿನಕ್ಸ್‌ಗಳು ಬಳಸುತ್ತವೆ. ಅದರಲ್ಲಿ ಉದ್ದನೆಯ ಸ್ಕ್ರಿಪ್ಟ್ ಬೇಕಿಲ್ಲ, ಏನು ಬೇಕೆಂದು ಕೆಲವು ಸಾಲುಗಳಲ್ಲಿ ಬರೆದಿಟ್ಟರೆ ಸಾಕು. ಆದರೂ ಹಳೆಯ ಸ್ಕ್ರಿಪ್ಟನ್ನೇ ತಂದು ಸಿಸ್ಟಮ್‌ಡಿ ಒಳಗೆ ತುರುಕಿರುವ ಸರ್ವರ್‌ಗಳು ಬೇಕಾದಷ್ಟಿವೆ.

ಇಂಥ ಸ್ಕ್ರಿಪ್ಟ್‌ಗಳಲ್ಲಿ ಮೊದಲು ಕಾಣುವ ತಪ್ಪು, ಹೊರಟಿತು ಎಂಬುದನ್ನೇ ಸಿದ್ಧವಾಯಿತು ಎಂದು ತಿಳಿಯುವುದು. ದರ್ಶಿನಿ ಹೋಟೆಲಿನವರು ಬೆಳಗ್ಗೆ ಐದೂವರೆಗೆ ಶಟರ್ ಎತ್ತಿದರೆಂದ ಮಾತ್ರಕ್ಕೆ ಆಗಲೇ ಇಡ್ಲಿ ಬೆಂದಿರುವುದಿಲ್ಲ. ಒಲೆ ಹಚ್ಚಬೇಕು, ಹಿಟ್ಟು ಹುಯ್ಯಬೇಕು, ಹಬೆ ಏರಬೇಕು. ಪ್ರೋಗ್ರಾಂ ಕೂಡ ಹಾಗೆಯೇ. ಅದು ಡೇಟಾಬೇಸ್‌ಗೆ ಸಂಪರ್ಕ ಪಡೆಯಬೇಕು, ಸೆಟ್ಟಿಂಗ್ ಓದಬೇಕು, ಆಮೇಲಷ್ಟೇ ಗಿರಾಕಿಗೆ ಉತ್ತರಿಸಬಲ್ಲದು. ಆದರೆ ಸಿಸ್ಟಮ್‌ಡಿಗೆ ಬೇರೆ ಏನೂ ಹೇಳದಿದ್ದರೆ ಅದು ಶಟರ್ ಎತ್ತಿದ ಕ್ಷಣವನ್ನೇ ತೆರೆದಿದೆ ಎಂದು ಲೆಕ್ಕ ಹಿಡಿದು ಮುಂದಿನ ಸರ್ವಿಸನ್ನು ಹೊರಡಿಸಿಬಿಡುತ್ತದೆ. ಮುಂದಿನದು ಬಂದು ನೋಡಿದರೆ ಇಡ್ಲಿ ಇಲ್ಲ, ಅದೂ ಬೀಳುತ್ತದೆ.

ಇದಕ್ಕೆ ಸ್ಕ್ರಿಪ್ಟ್‌ನಲ್ಲಿ ಮೂವತ್ತು ಸೆಕೆಂಡ್ ಸುಮ್ಮನೆ ಕಾಯಿಸುವ ಸಾಲೊಂದನ್ನು ಸೇರಿಸುವುದು ಎಲ್ಲರೂ ಮಾಡುವ ಉಪಾಯ. ನಾನೂ ಮಾಡಿದ್ದೇನೆ. ಅದು ಇವತ್ತು ನಡೆಯುತ್ತದೆ. ಡೇಟಾ ಬೆಳೆದು ಡೇಟಾಬೇಸ್ ಏಳಲು ನಲವತ್ತು ಸೆಕೆಂಡ್ ಹಿಡಿಯುವ ದಿನ ಮತ್ತೆ ಬೀಳುತ್ತದೆ. ಬಾಗಿಲು ತಟ್ಟಿ ಕೇಳುವುದೇ ಸರಿಯಾದ ದಾರಿ. ಪ್ರೋಗ್ರಾಂ ತಾನೇ ನಾನು ಸಿದ್ಧ ಎಂದು ಸಿಸ್ಟಮ್‌ಡಿಗೆ ತಿಳಿಸುವಂತೆ ಮಾಡಬಹುದು, ಅದಕ್ಕೆ ನೋಟಿಫೈ ಎಂಬ ಬಗೆಯೇ ಇದೆ. ಪ್ರೋಗ್ರಾಂ ಬದಲಾಯಿಸಲು ಆಗದಿದ್ದರೆ ಸ್ಕ್ರಿಪ್ಟೇ ಸೆಕೆಂಡಿಗೊಮ್ಮೆ ಅದನ್ನು ಮಾತಾಡಿಸಿ ನೋಡಬಹುದು, ಉತ್ತರ ಬಂದ ಮೇಲೆ ಮುಂದಕ್ಕೆ ಹೋಗಬಹುದು, ಇಂತಿಷ್ಟು ಹೊತ್ತಿನಲ್ಲಿ ಬಾರದಿದ್ದರೆ ಸೋತೆ ಎಂದು ಸ್ಪಷ್ಟವಾಗಿ ಹೇಳಬಹುದು.

ಹಳೆಯ ವಿಳಾಸಕ್ಕೆ ಹೋದ ಕಾಗದ

ಓಡುತ್ತಿರುವ ಪ್ರತಿ ಪ್ರೋಗ್ರಾಂಗೂ ಲಿನಕ್ಸ್ ಒಂದು ಸಂಖ್ಯೆ ಕೊಡುತ್ತದೆ, ಪಿಐಡಿ ಎನ್ನುತ್ತಾರೆ. ಹಳೆಯ ಸ್ಕ್ರಿಪ್ಟ್‌ಗಳು ಈ ಸಂಖ್ಯೆಯನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತವೆ. ನಿಲ್ಲಿಸು ಎಂದಾಗ ಆ ಫೈಲ್ ತೆರೆದು, ಅಲ್ಲಿರುವ ಸಂಖ್ಯೆಯ ಪ್ರೋಗ್ರಾಂಗೆ ನಿಲ್ಲಲು ಹೇಳುತ್ತವೆ.

ತೊಂದರೆ ಏನೆಂದರೆ, ಪ್ರೋಗ್ರಾಂ ಅಚಾನಕ್ಕಾಗಿ ಸತ್ತರೆ ಫೈಲ್ ಅಳಿಯುವುದಿಲ್ಲ. ಸಂಖ್ಯೆಗಳು ಮುಗಿದ ಮೇಲೆ ಲಿನಕ್ಸ್ ಮತ್ತೆ ಮೊದಲಿನಿಂದ ಖಾಲಿ ಇರುವುದನ್ನು ಹುಡುಕಿ ಕೊಡುತ್ತದೆ. ಹಳೆಯ ಲಿನಕ್ಸ್‌ಗಳಲ್ಲಿ ಈ ಸುತ್ತು 32,768ಕ್ಕೇ ಮುಗಿಯುತ್ತಿತ್ತು. ಬಾಡಿಗೆದಾರ ಖಾಲಿ ಮಾಡಿಕೊಂಡು ಹೋದ ಮನೆಗೆ ಬೇರೆ ಸಂಸಾರ ಬಂದಿರುತ್ತದೆ. ಮನೆ ನಂಬರ್ ಮಾತ್ರ ನೋಡಿ ಹೋದವರು ಸಂಬಂಧವೇ ಇಲ್ಲದವರ ಸಾಮಾನನ್ನು ಬೀದಿಗೆ ಹಾಕುತ್ತಾರೆ. ಸ್ಕ್ರಿಪ್ಟ್ ಹೀಗೆ ಬೇರೆ ಯಾವುದೋ ಪ್ರೋಗ್ರಾಂ ಅನ್ನು ನಿಲ್ಲಿಸಿದರೆ, ಅದು ಯಾಕೆ ನಿಂತಿತೆಂದು ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಇದರ ತಮ್ಮನಂಥ ತಪ್ಪೂ ಒಂದಿದೆ: ಸತ್ತ ಪ್ರೋಗ್ರಾಂನ ಫೈಲ್ ಇನ್ನೂ ಇರುವುದನ್ನು ಕಂಡು ಆಗಲೇ ಓಡುತ್ತಿದೆ ಎಂದು ಹೇಳಿ ಸ್ಕ್ರಿಪ್ಟ್ ಸುಮ್ಮನೆ ಕೂರುವುದು.

ಫೈಲಿನಲ್ಲಿ ಸಂಖ್ಯೆ ಬರೆಯುವ ಬದಲು ಫ್ಲಾಕ್ ಎಂಬ ಆದೇಶದಿಂದ ಬೀಗ ಹಾಕುವುದು ಇದಕ್ಕಿಂತ ಎಷ್ಟೋ ಮೇಲು. ಆ ಬೀಗದ ಕೀಲಿ ಲಿನಕ್ಸ್ ಬಳಿ ಇರುತ್ತದೆ, ಪ್ರೋಗ್ರಾಂ ಹೇಗೇ ಸತ್ತರೂ ಬೀಗ ತಾನಾಗಿ ತೆರೆದುಕೊಳ್ಳುತ್ತದೆ. ಸಿಸ್ಟಮ್‌ಡಿ ಇದ್ದರೆ ಇದೂ ಬೇಡ. ತಾನು ಹೊರಡಿಸಿದ ಪ್ರೋಗ್ರಾಂ ಮತ್ತು ಅದರಿಂದ ಹುಟ್ಟಿದ ಮರಿಗಳನ್ನೆಲ್ಲ ಅದು ಒಂದೇ ಗುಂಪಾಗಿ ಗುರುತಿಟ್ಟುಕೊಂಡಿರುತ್ತದೆ.

ಭಯವಾಗುತ್ತೆ ಎಂದು ಬರೆದಿದ್ದ ಸಾಲು

ಸ್ಕ್ರಿಪ್ಟ್‌ನಲ್ಲಿ ಒಂದು ಸಾಲು ತಪ್ಪಿದರೆ ಎಷ್ಟರಮಟ್ಟಿಗೆ ಹಾನಿಯಾಗಬಹುದು? 2015ರ ಜನವರಿಯಲ್ಲಿ ಸ್ಟೀಮ್ ಎಂಬ ಪ್ರಸಿದ್ಧ ಗೇಮಿಂಗ್ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲಿ ಅದು ಗೊತ್ತಾಯಿತು. ಇದು ಸರ್ವರ್ ತಂತ್ರಾಂಶವಲ್ಲ, ಆದರೆ ತಪ್ಪು ಇದ್ದದ್ದು ಅದನ್ನು ಹೊರಡಿಸುವ ಸ್ಕ್ರಿಪ್ಟ್‌ನಲ್ಲೇ.

ಆ ಸ್ಕ್ರಿಪ್ಟ್ ಮೊದಲು ತಾನು ಯಾವ ಫೋಲ್ಡರ್‌ನಲ್ಲಿದ್ದೇನೆ ಎಂದು ಪತ್ತೆಮಾಡಿ ಅದರ ಹೆಸರನ್ನು ಒಂದು ಕಡೆ ಇಟ್ಟುಕೊಳ್ಳುತ್ತಿತ್ತು. ಮುಂದೆ ಒಂದು ಕಡೆ, ಎಲ್ಲವನ್ನೂ ಹೊಸದಾಗಿ ಶುರುಮಾಡಬೇಕಾದಾಗ, ಆ ಹೆಸರಿನ ಮುಂದೆ ಒಂದು ಓರೆಗೆರೆ ಹಾಕಿ ಅದರೊಳಗಿರುವುದನ್ನೆಲ್ಲ ಅಳಿಸು ಎನ್ನುತ್ತಿತ್ತು. ಬಳಕೆದಾರರೊಬ್ಬರು ಸ್ಟೀಮ್ ಫೋಲ್ಡರನ್ನು ಬೇರೆ ಜಾಗಕ್ಕೆ ಸಾಗಿಸಿದ್ದರು. ಸ್ಕ್ರಿಪ್ಟ್‌ಗೆ ತನ್ನ ಫೋಲ್ಡರ್ ಸಿಗಲಿಲ್ಲ, ಹೆಸರಿನ ಜಾಗ ಖಾಲಿ ಉಳಿಯಿತು. ಖಾಲಿ ಹೆಸರಿನ ಮುಂದೆ ಓರೆಗೆರೆ ಬಂದರೆ ಲಿನಕ್ಸ್‌ನಲ್ಲಿ ಅದರ ಅರ್ಥ ಇಡೀ ಕಂಪ್ಯೂಟರ್‌ನ ಬೇರು. ಸ್ಕ್ರಿಪ್ಟ್ ಅಲ್ಲಿಂದಲೇ ಅಳಿಸತೊಡಗಿತು. ಅವರಿಗೆ ಸೇರಿದ ಫೈಲುಗಳೆಲ್ಲ ಹೋದವು, ಬ್ಯಾಕಪ್‌ಗೆಂದು ಸಿಕ್ಕಿಸಿದ್ದ ಹೊರಗಿನ ಡ್ರೈವಿನಲ್ಲಿದ್ದವೂ ಸೇರಿ. ಕಂಪನಿ ನಂತರ ಇದನ್ನು ಸರಿಪಡಿಸಿತು.

ಆ ಅಳಿಸುವ ಸಾಲಿನ ಮೇಲೆ ಅದನ್ನು ಬರೆದವರೇ ಭಯವಾಗುತ್ತೆ ಎಂಬರ್ಥದ ಒಂದೇ ಪದದ ಟಿಪ್ಪಣಿ ಬರೆದಿಟ್ಟಿದ್ದರು. ಅಪಾಯ ಅವರಿಗೆ ಗೊತ್ತಿತ್ತು, ಆದರೆ ಟಿಪ್ಪಣಿ ಬರೆದು ಬಿಟ್ಟರು. ಶೆಲ್ ಸ್ಕ್ರಿಪ್ಟ್‌ನ ಸ್ವಭಾವವೇ ಹೀಗೆ. ಒಂದು ಸಾಲು ಸೋತರೂ ಏನೂ ಆಗಿಲ್ಲವೆಂಬಂತೆ ಮುಂದಿನ ಸಾಲಿಗೆ ಹೋಗುತ್ತದೆ, ಖಾಲಿ ಹೆಸರನ್ನು ಪ್ರಶ್ನಿಸುವುದಿಲ್ಲ. ಸ್ಕ್ರಿಪ್ಟ್‌ನ ತಲೆಯಲ್ಲೇ ಸೆಟ್ ಮೈನಸ್ ಯು ಎಂಬ ಚಿಕ್ಕ ಆದೇಶ ಹಾಕಿದರೆ, ಇಟ್ಟೇ ಇರದ ಹೆಸರನ್ನು ಬಳಸಿದ ಕೂಡಲೇ ಅದು ನಿಂತುಬಿಡುತ್ತದೆ. ಆದರೆ ಸ್ಟೀಮ್‌ನಲ್ಲಿ ಹೆಸರು ಇತ್ತು, ಬೆಲೆ ಖಾಲಿಯಾಗಿತ್ತು. ಅಂಥದ್ದನ್ನು ಈ ಆದೇಶ ಹಿಡಿಯುವುದಿಲ್ಲ. ಆದ್ದರಿಂದ ಅಳಿಸುವ ಸಾಲಿಗಿಂತ ಮೊದಲು ಇದು ಖಾಲಿಯೇ ಎಂದು ಬೇರೆಯಾಗಿ ಕೇಳಲೇಬೇಕು.

ನಿಲ್ಲಿಸುವುದೇ ಕಷ್ಟದ ಅರ್ಧ

ರೀಸ್ಟಾರ್ಟ್ ಅಂದರೆ ನಿಲ್ಲಿಸಿ ಮತ್ತೆ ಹೊರಡಿಸುವುದು. ಹೆಚ್ಚಿನವರ ಗಮನ ಹೊರಡಿಸುವುದರ ಮೇಲಿರುತ್ತದೆ. ಅನಾಹುತ ಆಗುವುದು ನಿಲ್ಲಿಸುವಲ್ಲಿ.

ನನಗೆ ಗೊತ್ತಿರುವ ಒಂದು ಪತ್ತಿನ ಸಹಕಾರ ಸಂಘದಲ್ಲಿ ಹೀಗಾಯಿತು. ಅಲ್ಲಿನ ರೀಸ್ಟಾರ್ಟ್ ಸ್ಕ್ರಿಪ್ಟ್ ಪ್ರೋಗ್ರಾಂಗೆ ನಿಲ್ಲು ಎಂದು ಹೇಳಿ, ಎರಡು ಸೆಕೆಂಡ್ ಕಾದು, ಹೊಸದನ್ನು ಹೊರಡಿಸುತ್ತಿತ್ತು. ವರ್ಷಗಟ್ಟಲೆ ಏನೂ ಆಗಲಿಲ್ಲ. ಒಂದು ಸಂಜೆ ಸದಸ್ಯರ ಖಾತೆಗಳಿಗೆ ಬಡ್ಡಿ ಜಮೆಯಾಗುತ್ತಿದ್ದಾಗ, ಸ್ಕ್ರೀನ್ ನಿಧಾನವಾಯಿತೆಂದು ಯಾರೋ ರೀಸ್ಟಾರ್ಟ್ ಹೊಡೆದರು. ಹಳೆಯ ಪ್ರೋಗ್ರಾಂ ಸಭ್ಯವಾಗಿಯೇ ನಡೆದುಕೊಂಡಿತು: ಹಿಡಿದ ಕೆಲಸ ಮುಗಿಸಿ ಹೋಗುತ್ತೇನೆ ಎಂದು ಜಮೆ ಮಾಡುತ್ತಲೇ ಇತ್ತು. ಹೊಸದು ಎದ್ದು, ಬಡ್ಡಿ ಕೆಲಸ ಅರ್ಧಕ್ಕೆ ನಿಂತಿದೆಯೆಂದು ತಿಳಿದು ಮೊದಲಿನಿಂದ ಶುರುಮಾಡಿತು. ಎಷ್ಟೋ ಜನರಿಗೆ ಬಡ್ಡಿಯ ಎಸ್‌ಎಂಎಸ್ ಎರಡು ಸಲ ಬಂತು. ಸಿಬ್ಬಂದಿ ಎರಡು ದಿನ ಕೂತು ಒಂದೊಂದೇ ಖಾತೆ ತೆರೆದು ಹೆಚ್ಚುವರಿ ಜಮೆಯನ್ನು ತಿರುಗಿಸಿದರು. ಅದರೊಳಗೆ ಹಣ ಡ್ರಾ ಮಾಡಿದವರ ಮನೆಗೆ ಹೋಗಿ ವಾಪಸ್ ಕೇಳಬೇಕಾಗಿ ಬಂದದ್ದು ಎಲ್ಲಕ್ಕಿಂತ ಮುಜುಗರದ ಕೆಲಸ.

ಇದನ್ನು ಕೇಳಿದ ಕೂಡಲೇ ಕಂಪ್ಯೂಟರ್ ಬಲ್ಲ ಹುಡುಗರು ಹೇಳುವ ಪರಿಹಾರ ಒಂದೇ: ಕಿಲ್ ಮೈನಸ್ ಒಂಬತ್ತು ಹಾಕಿ. ಇದೂ ಒಂದು ಮಿಥ್ಯೆ, ಅದರ ಒಳಗನ್ನು ಸ್ವಲ್ಪ ನೋಡೋಣ.

ಲಿನಕ್ಸ್‌ನಲ್ಲಿ ಪ್ರೋಗ್ರಾಂ ನಿಲ್ಲಿಸಲು ಸಂಕೇತಗಳಿವೆ. ಹದಿನೈದನೆಯದು ಟರ್ಮ್. ಅದು ಅಂಗಡಿ ಮುಚ್ಚುವ ಹೊತ್ತಾಯಿತು ಎಂದು ಹೇಳಿದಂತೆ. ಪ್ರೋಗ್ರಾಂ ಅದನ್ನು ಕೇಳಿಸಿಕೊಂಡು, ಕೈಲಿರುವ ಗಿರಾಕಿಗಳನ್ನು ಕಳಿಸಿ, ಲೆಕ್ಕ ಬರೆದು, ದೀಪ ಆರಿಸಿ ಹೊರಡಬಹುದು. ಒಂಬತ್ತನೆಯದು ಕಿಲ್. ಅದು ಪ್ರೋಗ್ರಾಂಗೆ ಕೇಳಿಸುವುದೇ ಇಲ್ಲ, ಲಿನಕ್ಸ್ ನೇರವಾಗಿ ಅದನ್ನು ಇಲ್ಲವಾಗಿಸುತ್ತದೆ. ಬರೆಯುತ್ತಿದ್ದ ಫೈಲ್ ಅರ್ಧಕ್ಕೆ ನಿಲ್ಲಬಹುದು. ತಾತ್ಕಾಲಿಕ ಫೈಲುಗಳು ಹಾಗೆಯೇ ಉಳಿಯುತ್ತವೆ. ಅದು ಹುಟ್ಟಿಸಿದ ಮರಿ ಪ್ರೋಗ್ರಾಂಗಳು ಅನಾಥವಾಗಿ ಓಡುತ್ತಿರಬಹುದು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಕೈಪಿಡಿಯಲ್ಲಿ ಸರ್ವರ್ ನಿಲ್ಲಿಸಲು ಈ ಸಂಕೇತ ಬಳಸದಿರುವುದೇ ಒಳ್ಳೆಯದೆಂದು ನೇರವಾಗಿ ಬರೆದಿದ್ದಾರೆ. ಒಳ್ಳೆಯ ಡೇಟಾಬೇಸ್‌ಗಳು ಇಂಥ ಸಾವಿನಿಂದಲೂ ಚೇತರಿಸಿಕೊಳ್ಳುತ್ತವೆ, ನಿಜ. ಆದರೆ ಏಳುವಾಗ ದಿನಚರಿಯನ್ನು ಓದಿ ಸರಿಪಡಿಸಿಕೊಳ್ಳಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಬೇಗ ಆಗಲೆಂದು ಮಾಡಿದ್ದರಿಂದಲೇ ತಡವಾಗುತ್ತದೆ.

ಸರಿಯಾದ ಕ್ರಮ ಎರಡರ ನಡುವಿದೆ. ಮೊದಲು ಟರ್ಮ್ ಕಳಿಸಿ, ಪ್ರೋಗ್ರಾಂ ನಿಜಕ್ಕೂ ಹೋಯಿತೇ ಎಂದು ನೋಡುತ್ತಾ ಕಾಯಬೇಕು, ಒಂದು ಗಡುವಿನ ಮೇಲೂ ಹೋಗದಿದ್ದರೆ ಮಾತ್ರ ಒಂಬತ್ತನ್ನು ಬಳಸಬೇಕು. ಹೋಗಿದ್ದು ಖಚಿತವಾದ ಮೇಲೆ ಹೊಸದನ್ನು ಹೊರಡಿಸಬೇಕು. ಸಿಸ್ಟಮ್‌ಡಿ ಮಾಡುವುದೂ ಇದನ್ನೇ, ಸಾಮಾನ್ಯವಾಗಿ ಅದರ ಗಡುವು 90 ಸೆಕೆಂಡ್. ಬಡ್ಡಿ ಲೆಕ್ಕಕ್ಕೆ ಹತ್ತು ನಿಮಿಷ ಬೇಕಿದ್ದರೆ ಗಡುವನ್ನು ಹತ್ತು ನಿಮಿಷಕ್ಕೂ ಹೆಚ್ಚಿಗೆ ಬರೆಯಬೇಕು, ಇಲ್ಲವಾದರೆ 91ನೇ ಸೆಕೆಂಡಿನಲ್ಲಿ ಅದೇ ಒಂಬತ್ತು ಬಂದು ಬೀಳುತ್ತದೆ. ಪ್ರೋಗ್ರಾಂ ಬರೆಯುವವರೂ ಒಂದೇ ಖಾತೆಗೆ ಒಂದೇ ಅವಧಿಯ ಬಡ್ಡಿ ಎರಡು ಸಲ ಬೀಳದಂತೆ ಡೇಟಾಬೇಸ್‌ನಲ್ಲೇ ತಡೆ ಹಾಕಬೇಕಿತ್ತು ಎಂಬುದು ಬೇರೆ ಮಾತು.

ಇನ್ನು, ಸೆಟ್ಟಿಂಗ್ ಬದಲಾಯಿಸಿದ್ದಕ್ಕೆಲ್ಲ ರೀಸ್ಟಾರ್ಟೇ ಬೇಕೆಂದಿಲ್ಲ. ಎಂಜಿನ್‌ಎಕ್ಸ್‌ನಂಥ ವೆಬ್ ಸರ್ವರ್‌ಗಳಿಗೆ ರೀಲೋಡ್ ಸಾಕು. ಹಳೆಯ ಕೆಲಸಗಾರರು ತಮ್ಮ ಗಿರಾಕಿಗಳನ್ನು ಮುಗಿಸಿ ಹೋಗುತ್ತಾರೆ, ಹೊಸ ಕೆಲಸಗಾರರು ಹೊಸ ಸೆಟ್ಟಿಂಗ್‌ನೊಂದಿಗೆ ಬರುತ್ತಾರೆ. ಮೊದಲು ಸೆಟ್ಟಿಂಗ್ ಫೈಲ್ ಸರಿಯಿದೆಯೇ ಎಂದು ಅದನ್ನೇ ಕೇಳುವ ಆದೇಶವೂ ಇದೆ. ಸ್ಕ್ರಿಪ್ಟ್ ಮೊದಲು ಅದನ್ನು ಕೇಳಿದರೆ, ಒಂದು ಅರ್ಧವಿರಾಮ ಬಿಟ್ಟುಹೋದದ್ದಕ್ಕೆ ಓಡುತ್ತಿದ್ದ ಸರ್ವರ್ ಬೀಳುವುದು ತಪ್ಪುತ್ತದೆ.

ಬಿದ್ದರೆ ಎಬ್ಬಿಸು, ಆದರೆ ಎಷ್ಟು ಸಲ?

ನಿಮ್ಮ ಕೈಲಿರುವ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನಲ್. ಅದರಲ್ಲೂ ಸರ್ವಿಸ್‌ಗಳನ್ನು ಹೊರಡಿಸುವ ಇನಿಟ್ ಎಂಬ ಪ್ರೋಗ್ರಾಂ ಇದೆ. ಕೆಲವು ಸರ್ವಿಸ್‌ಗಳನ್ನು ಅತಿಮುಖ್ಯ ಎಂದು ಗುರುತಿಸಿರುತ್ತಾರೆ. ಅಂಥದ್ದೊಂದು ನಾಲ್ಕು ನಿಮಿಷದೊಳಗೆ ನಾಲ್ಕಕ್ಕಿಂತ ಹೆಚ್ಚು ಸಲ ಬಿದ್ದರೆ ಇನಿಟ್ ಮತ್ತೆ ಎಬ್ಬಿಸುತ್ತಾ ಕೂರುವುದಿಲ್ಲ, ಫೋನನ್ನು ಬೂಟ್‌ಲೋಡರ್‌ಗೆ ಕಳಿಸಿಬಿಡುತ್ತದೆ. ಫೋನ್ ತನ್ನಷ್ಟಕ್ಕೆ ರೀಸ್ಟಾರ್ಟ್ ಆಗಿ ವಿಚಿತ್ರ ಕಪ್ಪು ಪರದೆ ತೋರಿಸಿದರೆ ವೈರಸ್ ಎಂದು ಹೆದರುವವರಿದ್ದಾರೆ. ಅದಕ್ಕೆ ಇಂಥ ಕಾರಣವೂ ಇರಬಹುದು.

ಸರ್ವರ್‌ಗೂ ಇಂಥ ಮಿತಿ ಬೇಕು. ಪಾಸ್‌ವರ್ಡ್ ಬದಲಾಗಿ ಡೇಟಾಬೇಸ್ ಒಳಗೆ ಬಿಡುತ್ತಿಲ್ಲ ಎಂದುಕೊಳ್ಳಿ. ಸಾವಿರ ಸಲ ಎಬ್ಬಿಸಿದರೂ ಸಾವಿರ ಸಲ ಬೀಳುತ್ತದೆ. ಪ್ರತಿ ಸಲವೂ ಲಾಗ್ ಫೈಲಿಗೆ ನೂರು ಸಾಲು ಬರೆದು ಡಿಸ್ಕ್ ತುಂಬಿಸಿದರೆ, ಚೆನ್ನಾಗಿದ್ದ ಬೇರೆ ಸರ್ವಿಸ್‌ಗಳೂ ಬೀಳುತ್ತವೆ. ಸಿಸ್ಟಮ್‌ಡಿ ತಾನಾಗಿ ಯಾವುದನ್ನೂ ಎಬ್ಬಿಸುವುದಿಲ್ಲ, ಎಬ್ಬಿಸು ಎಂದು ಬರೆಯಬೇಕು. ಸೋತು ಬಿದ್ದಾಗ ಮಾತ್ರ ಎಬ್ಬಿಸು ಎಂಬ ಆನ್-ಫೇಲ್ಯೂರ್ ಆಯ್ಕೆ ಹೆಚ್ಚಿನ ಸರ್ವಿಸ್‌ಗಳಿಗೆ ಸರಿ. ಹಾಗೆ ಬರೆದು ಬೇರೇನೂ ಹೇಳದಿದ್ದರೆ ಬಿದ್ದ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮತ್ತೆ ಹೊರಡಿಸುತ್ತದೆ, ಹತ್ತು ಸೆಕೆಂಡಿನಲ್ಲಿ ಐದು ಪ್ರಯತ್ನ ಮುಗಿದರೆ ಕೈಚೆಲ್ಲುತ್ತದೆ.

ಇಲ್ಲೇ ಒಂದು ಬಲೆ ಇದೆ. ಡೇಟಾಬೇಸ್ ಏಳಲು ಇಪ್ಪತ್ತು ಸೆಕೆಂಡ್ ಬೇಕಿದ್ದರೆ, ಒಂದೇ ಸೆಕೆಂಡಿನಲ್ಲಿ ಐದೂ ಪ್ರಯತ್ನ ಮುಗಿದು ಸರ್ವಿಸ್ ಶಾಶ್ವತವಾಗಿ ಮಲಗಿಬಿಡುತ್ತದೆ. ಆದ್ದರಿಂದ ನಡುವಿನ ಅಂತರ ಹೆಚ್ಚಿಸಬೇಕು. ಮೊದಲು ಒಂದು ಸೆಕೆಂಡ್, ಆಮೇಲೆ ಎರಡು, ನಾಲ್ಕು, ಎಂಟು ಎಂದು ಬೆಳೆಸುತ್ತಾ ಹೋಗುವುದು ಇನ್ನೂ ಒಳ್ಳೆಯದು. 2023ರಲ್ಲಿ ಬಂದ 254ನೇ ಆವೃತ್ತಿಯಿಂದ ಸಿಸ್ಟಮ್‌ಡಿಯಲ್ಲೇ ಹೀಗೆ ಅಂತರ ಬೆಳೆಸುವ ಸೌಲಭ್ಯವಿದೆ. ಸೋತು ಮಲಗಿದಾಗ ಯಾರಿಗಾದರೂ ಸಂದೇಶ ಹೋಗುವಂತೆ ಮಾಡುವುದನ್ನು ಮರೆಯಬಾರದು. ಗಿರಾಕಿ ಫೋನ್ ಮಾಡಿ ಹೇಳುವವರೆಗೂ ಗೊತ್ತಾಗದಿದ್ದರೆ ಮಿತಿ ಇಟ್ಟು ಏನು ಬಂತು?

ರಾತ್ರಿ ಎರಡಕ್ಕೆ ದಿನಾ ರೀಸ್ಟಾರ್ಟ್ ಆಗುವಂತೆ ಇಟ್ಟುಬಿಡುವವರೂ ಇದ್ದಾರೆ. ಇದನ್ನು ನಾನು ಪೂರ್ತಿ ಬೈಯುವುದಿಲ್ಲ. 2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯೇ ಬೋಯಿಂಗ್ 787 ವಿಮಾನಗಳ ವಿದ್ಯುತ್ತನ್ನು ಆಗಾಗ ಪೂರ್ತಿ ಆಫ್ ಮಾಡಿ ಆನ್ ಮಾಡಬೇಕೆಂದು ಆದೇಶಿಸಿತ್ತು. 248 ದಿನ ಎಡೆಬಿಡದೆ ಆನ್ ಇದ್ದರೆ ಜನರೇಟರ್ ನಿಯಂತ್ರಕದ ಒಳಗಿನ ಎಣಿಕೆ ತುಂಬಿ ಹರಿದು ವಿದ್ಯುತ್ ಪೂರೈಕೆ ನಿಲ್ಲುವ ಸಾಧ್ಯತೆ ಇತ್ತು. ಆದರೆ ಅಲ್ಲಿ ಕಾರಣ ಪತ್ತೆಯಾಗಿತ್ತು, ತಂತ್ರಾಂಶ ಸರಿಪಡಿಸುವವರೆಗಿನ ಏರ್ಪಾಡು ಅದಾಗಿತ್ತು. ಕಾರಣ ಹುಡುಕದೆ ದಿನಾ ರೀಸ್ಟಾರ್ಟ್ ಮಾಡಿದರೆ, ಮೆಮೊರಿ ಸೋರುತ್ತಿರುವುದು ಇಪ್ಪತ್ನಾಲ್ಕು ಗಂಟೆಯೊಳಗೇ ತುಂಬುವ ದಿನದವರೆಗೂ ಗೊತ್ತಾಗುವುದಿಲ್ಲ.

ಕೈಯಲ್ಲಿ ಓಡುತ್ತೆ, ತಾನಾಗಿ ಓಡಲ್ಲ

ಸ್ಕ್ರಿಪ್ಟ್ ಬರೆದವರು ತಾವೇ ಟೈಪ್ ಮಾಡಿ ಓಡಿಸಿದಾಗ ಚೆನ್ನಾಗಿ ಓಡುತ್ತದೆ. ಕರೆಂಟ್ ಹೋಗಿ ಬಂದಾಗ ಓಡುವುದಿಲ್ಲ. ಇದು ಲಿನಕ್ಸ್‌ನವರ ಅತಿ ಸಾಮಾನ್ಯ ಗೋಳು. ನೀವು ಲಾಗಿನ್ ಆದಾಗ ಯಾವ ಪ್ರೋಗ್ರಾಂ ಎಲ್ಲಿದೆ ಎಂಬ ಪಟ್ಟಿ ನಿಮ್ಮ ಜೊತೆ ಬಂದಿರುತ್ತದೆ, ಬೂಟ್ ಆಗುವಾಗ ಆ ಪಟ್ಟಿ ಚಿಕ್ಕದು. ಹಾಗಾಗಿ ಸ್ಕ್ರಿಪ್ಟ್‌ನಲ್ಲಿ ಪ್ರತಿ ಫೈಲಿನ ಪೂರ್ತಿ ವಿಳಾಸ ಬರೆಯಬೇಕು. ಇನ್ನೊಂದು ಕಾರಣ ಮಾಲೀಕತ್ವ. ಒಮ್ಮೆ ರೂಟ್ ಆಗಿ ಕೈಯಲ್ಲಿ ಓಡಿಸಿದರೆ ಲಾಗ್ ಫೈಲ್ ರೂಟ್ ಹೆಸರಿಗೆ ಹುಟ್ಟಿಕೊಳ್ಳುತ್ತದೆ. ಮರುದಿನ ಸರ್ವಿಸ್ ತನ್ನ ಸಾಮಾನ್ಯ ಹೆಸರಿನಲ್ಲಿ ಎದ್ದರೆ ಆ ಫೈಲಿಗೆ ಬರೆಯಲು ಅನುಮತಿಯಿಲ್ಲದೆ ಬೀಳುತ್ತದೆ. ಅದಕ್ಕೇ ಪರೀಕ್ಷಿಸುವಾಗಲೂ ಸಿಸ್ಟಮ್‌ಡಿಯ ಮೂಲಕವೇ ಹೊರಡಿಸಬೇಕು, ಯಾಕೆ ಬಿತ್ತೆಂದು ಜರ್ನಲ್‌ನಲ್ಲಿ ನೋಡಬೇಕು.

ಮೇಲೆ ಹೇಳಿದ ಸಹಕಾರ ಸಂಘದವರು ಈಗ ಮೂರು ತಿಂಗಳಿಗೊಮ್ಮೆ, ಭಾನುವಾರ ಬೆಳಗ್ಗೆ, ಬ್ಯಾಕಪ್ ತೆಗೆದ ಮೇಲೆ ಸರ್ವರನ್ನು ಬೇಕೆಂದೇ ರೀಬೂಟ್ ಮಾಡುತ್ತಾರೆ. ಯಾರೂ ಕೀಬೋರ್ಡ್ ಮುಟ್ಟುವಂತಿಲ್ಲ. ಕಳೆದ ಸಲ ಎಲ್ಲ ಸರ್ವಿಸ್‌ಗಳೂ ತಾವಾಗಿ ಎದ್ದವು, ಎಸ್‌ಎಂಎಸ್ ಕಳಿಸುವುದೊಂದನ್ನು ಬಿಟ್ಟು. ಅದರ ಸ್ಕ್ರಿಪ್ಟ್ ನೆಟ್‌ವರ್ಕ್ ಬರುವುದಕ್ಕಿಂತ ಮೊದಲೇ ಹೊರಟು ಬಿದ್ದಿತ್ತು. ಭಾನುವಾರವಾದ್ದರಿಂದ ಅದನ್ನು ಸರಿಪಡಿಸಲು ಅವರಿಗೆ ಇಡೀ ದಿನವಿತ್ತು.